ರಾಯಬಾಗದ ಗಣಿತಕವಿ ರಾಜಾದಿತ್ಯ

ಗಣಿತವೆಂದರೆ ನನಗೆ ಬಾಲ್ಯದಿಂದಲೂ ಅಂಜಿಕೆ. ಅದರ ಕೈಯಿಂದ ತಪ್ಪಿಸಿಕೊಳ್ಳಲೆಂದೇ ನಾನು ಕಲಾವಿಭಾಗವನ್ನು ಸೇರಿದೆನೆಂದರೂ ತಪ್ಪಾಗದು. ಆದುದರಿಂದ ಕನ್ನಡದಲ್ಲಿ ಮೊದಲು ಗಣಿತವನ್ನು ಬರೆದ ಕವಿಯು ನಮ್ಮ ರಾಯಬಾಗದವನೆಂದು ಸಾಹಿತ್ಯಚರಿತ್ರೆಯ ಪಾಠದಲ್ಲಿ ಕೇಳಿದಾಗ ನನಗೆ ಹಿಗ್ಗೂ ಆಯಿತು, ನಾಚಿಕೆಯೂ ಆಯಿತು.

ಅವನೇ ರಾಜಾದಿತ್ಯ. ಕಾಲವು 12ನೆಯ ಶತಮಾನ. ಕೂಂಡಿ ನಾಡಿನ ಪೂವಿನಬಾಗೆ ಅವನ ಊರು. ಅದೇ ಇಂದಿನ ರಾಯಬಾಗವೆಂದು ವಿದ್ವಾಂಸರು ಗುರುತಿಸಿದ್ದಾರೆ. ತಂದೆ ಶ್ರೀಪತಿ, ತಾಯಿ ವಸಂತೆ, ಮಡದಿ ಕನಕಮಾಲೆ, ಗುರು ಶುಭಚಂದ್ರ. ಜೈನಮತದವನಾದ ಈತನು ವ್ಯವಹಾರಗಣಿತ, ಕ್ಷೇತ್ರಗಣಿತ, ಲೀಲಾವತಿ ಮೊದಲಾದ ಗ್ರಂಥಗಳನ್ನು ರಚಿಸಿದನು. ಅರಸರ ಯುದ್ಧಗಳನ್ನೂ ತೀರ್ಥಂಕರರ ಚರಿತೆಗಳನ್ನೂ ಹಾಡುತ್ತಿದ್ದ ಕನ್ನಡ ಪದ್ಯಕ್ಕೆ ಈತನು ತ್ರೈರಾಶಿಯನ್ನೂ ಬಡ್ಡಿಯನ್ನೂ ಹೊಲದ ಅಳತೆಯನ್ನೂ ಕಲಿಸಿದನು. ಸಂಸ್ಕೃತದಲ್ಲಿ ಗಣಿತವು ಆಗಲೇ ಬೆಳೆದಿತ್ತು. ನೃಪತುಂಗನ ಕಾಲದ ಮಹಾವೀರಾಚಾರ್ಯನು 9ನೆಯ ಶತಮಾನದಲ್ಲಿಯೇ ಗಣಿತಸಾರಸಂಗ್ರಹವನ್ನು ಬರೆದಿದ್ದನು. ಅದನ್ನು ಓದಲಾರದ ಒಕ್ಕಲಿಗನಿಗೂ ವ್ಯಾಪಾರಿಗೂ ಲೆಕ್ಕವನ್ನು ಅವರ ಮಾತಿನಲ್ಲಿಯೇ ಕೊಟ್ಟದ್ದು ರಾಜಾದಿತ್ಯನ ಹಿರಿಮೆ.

ಲೆಕ್ಕವನ್ನು ಪದ್ಯದಲ್ಲಿ ಹೇಳುವದೇಕೆ? ಓಲೆಗರಿಯನ್ನು ನಕಲು ಮಾಡುವಾಗ ಒಂದು ಅಂಕಿ ತಪ್ಪಿದರೆ ಯಾರಿಗೂ ತಿಳಿಯದು. ಪದ್ಯದಲ್ಲಿ ಒಂದು ಮಾತು ತಪ್ಪಿದರೆ ಛಂದಸ್ಸೇ ಕುಂಟುವದು. ಅದಕ್ಕಾಗಿಯೇ ನಮ್ಮ ಹಿರಿಯರು ಸಾಮಾನ್ಯ ಶಬ್ದಗಳಲ್ಲಿ ಸಂಖ್ಯೆಗಳನ್ನು ಅಡಗಿಸಿಟ್ಟರು. ಚಂದ್ರನೆಂದರೆ ಒಂದು, ಕಣ್ಣೆಂದರೆ ಎರಡು, ವೇದವೆಂದರೆ ನಾಲ್ಕು, ಆಕಾಶವೆಂದರೆ ಸೊನ್ನೆ. ಇಂಥ ಹೆಸರುಗಳ ಪಟ್ಟಿಯನ್ನು ಮಹಾವೀರಾಚಾರ್ಯನೂ ಕೊಟ್ಟಿದ್ದಾನೆ. ಶಾಸನಗಳಲ್ಲಿಯೂ ಕಾವ್ಯಗಳ ಕೊನೆಯಲ್ಲಿಯೂ ಶಕವರ್ಷವನ್ನು ಹೀಗೆ ಹೇಳುವದುಂಟು. ಬಿಡಿಸುವವರು ಒಂದು ನಿಯಮವನ್ನು ಮರೆಯಬಾರದು: ಮೊದಲು ಬಂದ ಶಬ್ದವು ಬಿಡಿಸ್ಥಾನದ್ದು, ಮುಂದಿನವು ಹತ್ತು, ನೂರು, ಸಾವಿರ ಎಂದು ಎಡಕ್ಕೆ ಸಾಗುವವು. ಆಕಾಶ, ಕಣ್ಣು, ಚಂದ್ರ ಎಂದರೆ 120.

ಇಲ್ಲಿ ನನ್ನ ಮನೆಯ ಮಾತೊಂದನ್ನು ಹೇಳಬೇಕು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಂದೆಯವರಿಗೆ ಅಕ್ಷರ ಬಾರದು. ಒಮ್ಮೆ ಬೆಲ್ಲ ಮಾರಿದಾಗ ವ್ಯಾಪಾರಿಯು ಕೊಟ್ಟ ಚೀಟಿಯನ್ನು ಓದಿ ನಾನು ಸರಿಯಿದೆಯೆಂದೆ. ತಂದೆಯವರು ಕಣ್ಣು ಮುಚ್ಚಿ ಬಾಯಲ್ಲಿಯೇ ಎಣಿಸಿ, ಎರಡು ಪೆಂಟೆಯ ಹಣ ಕಡಿಮೆಯಿದೆಯೆಂದರು. ಅವರದೇ ಸರಿಯಾಗಿತ್ತು. ಇಷ್ಟು ತೂಕಕ್ಕೆ ಇಷ್ಟು ಹಣವಾದರೆ ಅಷ್ಟಕ್ಕೆ ಎಷ್ಟು? ರಾಜಾದಿತ್ಯನ ತ್ರೈರಾಶಿಯೂ ಇದೇ ಅಲ್ಲವೇ? ಓದು ಬಂದವನು ನಾನು. ಲೆಕ್ಕ ಬಂದವರು ಅವರು.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ನಾನೇ ಕಟ್ಟಿದ ಒಗಟೊಂದನ್ನು ಅವರ ಮುಂದಿಟ್ಟೆ: ಋತು, ಬಾಣ, ನಿಧಿ, ಚಂದ್ರ. ನಿಯಮವನ್ನಷ್ಟೇ ತಿಳಿಸಿದೆ. ಋತುಗಳು ಆರೆಂಬುದು ಹೊಲದಿಂದ ಅವರಿಗೆ ಗೊತ್ತು, ಮನ್ಮಥನ ಬಾಣಗಳು ಐದು, ಕುಬೇರನ ನಿಧಿಗಳು ಒಂಬತ್ತು ಎಂಬುದು ಪುರಾಣ ಕೇಳಿ ಗೊತ್ತು, ಚಂದ್ರನಂತೂ ಒಬ್ಬನೇ. ನಾನು ಕಾಗದ ಹುಡುಕುವ ಮೊದಲೇ ಅವರ ಬಾಯಿಂದ 1956 ಬಂದಿತು. ಮುಂಬಯಿ ಪ್ರಾಂತದಲ್ಲಿದ್ದ ಚಿಕ್ಕೋಡಿ, ರಾಯಬಾಗ, ಅಥಣಿಗಳ ನಮ್ಮ ಈ ಗಡಿಸೀಮೆಯು ಕನ್ನಡ ರಾಜ್ಯವನ್ನು ಸೇರಿದ ವರ್ಷವದು.

ರಾಜಾದಿತ್ಯನು ಯಾರಿಗಾಗಿ ಕನ್ನಡದಲ್ಲಿ ಬರೆದನೆಂಬುದು ನನಗೆ ಅಂದು ತಿಳಿಯಿತು. ಗಣಿತದ ಅಂಜಿಕೆಯು ಪೂರ್ತಿಯಾಗಿ ಹೋಗಿಲ್ಲ. ಆದರೆ ಅದು ಪರರ ವಿದ್ಯೆಯೆಂಬ ಭಾವನೆ ಹೋಗಿದೆ.