ಉಭಯ ಸಂಗೀತದ ರಸಿಕ ಜಯಚಾಮರಾಜ ಒಡೆಯರು

ಮೈಸೂರಿನ ಕೊನೆಯ ಮಹಾರಾಜರಾದ ಶ್ರೀ ಜಯಚಾಮರಾಜ ಒಡೆಯರನ್ನು ನಮ್ಮ ಜನ ರಾಜ್ಯವನ್ನು ಪ್ರಜೆಗಳಿಗೊಪ್ಪಿಸಿದ ಅರಸರೆಂದೂ ತತ್ತ್ವಚಿಂತಕರೆಂದೂ ನೆನೆಯುವುದುಂಟು. ರಸಿಕರಾಗಿ ಅವರು ಬಾಳಿದ ಬಗೆಯೂ ಅಷ್ಟೇ ನೆನೆಯತಕ್ಕದ್ದೆಂದು ನನಗೆ ತೋರುತ್ತದೆ.

ಅವರು ಜನಿಸಿದ್ದು ೧೯೧೯ರ ಜುಲೈ ೧೮ರಂದು. ಅಂದಿನ ಅರಮನೆಯಲ್ಲಿ ವೀಣೆಯೂ ಇತ್ತು, ಪಾಶ್ಚಾತ್ಯ ವಾದ್ಯವೃಂದವೂ ಇತ್ತು. ದೊಡ್ಡಪ್ಪಂದಿರಾದ ನಾಲ್ವಡಿ ಕೃಷ್ಣರಾಜ ಒಡೆಯರು ವಾಸುದೇವಾಚಾರ್ಯರನ್ನೂ ಮುತ್ತಯ್ಯ ಭಾಗವತರನ್ನೂ ಆದರಿಸಿದಂತೆಯೇ ಉತ್ತರದ ಫೈಯಾಜ್ ಖಾನರನ್ನೂ ಮನ್ನಿಸಿದ್ದರು. ಬಾಲಕನ ಮನಸ್ಸು ಒಲಿದದ್ದು ಪಿಯಾನೋವಿಗೆ. ಆ ವಾದ್ಯದಲ್ಲಿ ಕಛೇರಿ ನಡೆಸುವ ವಾದಕನಾಗಬೇಕೆಂಬ ಹಂಬಲವೂ ಇತ್ತು. ಆದರೆ ೧೯೪೦ರಲ್ಲಿ ತಂದೆಯವರೂ ದೊಡ್ಡಪ್ಪನವರೂ ಕೆಲವೇ ತಿಂಗಳ ಅಂತರದಲ್ಲಿ ಕಾಲವಾದರು; ಇಪ್ಪತ್ತೊಂದರ ಹರೆಯದಲ್ಲಿ ಪಟ್ಟವೇರಬೇಕಾಯಿತು. ವಾದಕನ ಕನಸು ಅಲ್ಲಿಗೆ ಮುಗಿಯಿತು. ಸಂಗೀತದ ನಂಟು ಮುಗಿಯಲಿಲ್ಲ.

ರಷ್ಯದ ನಿಕೊಲಾಯ್ ಮೆಟ್ನರ್ ಎಂಬ ವಾಗ್ಗೇಯಕಾರ ಆಗ ಲಂಡನ್ನಿನಲ್ಲಿ ರೋಗದಿಂದಲೂ ಬಡತನದಿಂದಲೂ ಬಳಲುತ್ತಿದ್ದ. ಹೊಸ ಪಂಥಗಳ ಭರಾಟೆಯ ಕಾಲದಲ್ಲಿ ಹಳೆಯ ಮಾರ್ಗವನ್ನೇ ಹಿಡಿದಿದ್ದ ಅವನನ್ನು ಕೇಳುವವರು ವಿರಳವಾಗಿದ್ದರು. ಒಡೆಯರು ಧನಸಹಾಯವಿತ್ತು, ಮೆಟ್ನರ್ ಸಂಘದ ಹೆಸರಿನಲ್ಲಿ ಅವನ ರಚನೆಗಳನ್ನು ಅವನಿಂದಲೇ ನುಡಿಸಿ ಧ್ವನಿಮುದ್ರಿಸುವ ಏರ್ಪಾಡು ಮಾಡಿದರು. ಆತ ತನ್ನ ಮೂರನೆಯ ಪಿಯಾನೋ ಕಂಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ, ೧೯೫೧ರಲ್ಲಿ ತೀರಿಕೊಂಡ. ರಿಚರ್ಡ್ ಸ್ಟ್ರಾಸ್‌ನ ಕಡೆಯ ನಾಲ್ಕು ಗೀತೆಗಳು ೧೯೫೦ರ ಮೇ ೨೨ರಂದು ಲಂಡನ್ನಿನಲ್ಲಿ ಮೊತ್ತಮೊದಲು ಕೇಳಿಬಂದದ್ದೂ ಒಡೆಯರ ಬೆಂಬಲದಿಂದಲೇ.

ಬೊಕ್ಕಸವುಳ್ಳ ಅರಸರಿಗೆ ಇದೇನು ದೊಡ್ಡದು ಎಂದು ಯಾರಾದರೂ ಕೇಳಬಹುದು. ಹಣ ಕಛೇರಿಯನ್ನು ಏರ್ಪಡಿಸೀತು. ಕೇಳುವ ಕಿವಿಯನ್ನು ಕೊಡಲಾರದು. ಇದಕ್ಕೆ ಅವರ ಬಾಳಿನ ಇನ್ನೊಂದು ಮುಖವೇ ಸಾಕ್ಷಿ. ಪಾಶ್ಚಾತ್ಯ ಸಂಗೀತದಲ್ಲಿ ಅಷ್ಟು ದೂರ ನಡೆದವರು, ತಮಗಿಂತ ಐವತ್ತು ವರ್ಷಕ್ಕೂ ಹಿರಿಯರಾದ ವಾಸುದೇವಾಚಾರ್ಯರಲ್ಲಿ ಶಿಷ್ಯವೃತ್ತಿ ಹಿಡಿದು ಕರ್ಣಾಟಕ ಸಂಗೀತದ ಮರ್ಮವನ್ನು ಅರಿತರು. ಶ್ರೀವಿದ್ಯೆಯ ಉಪಾಸಕರಾಗಿದ್ದ ಅವರು ಅದನ್ನೇ ಅಂಕಿತವಾಗಿರಿಸಿ ಸಂಸ್ಕೃತದಲ್ಲಿ ರಚಿಸಿದ ೯೪ ಕೃತಿಗಳು ನಮಗೆ ದೊರೆತಿವೆ. ಅಪರೂಪದ ರಾಗಗಳು ಅವುಗಳಲ್ಲಿ ಹೇರಳ. ರಾಜಸ್ಥಾನದ ಜನಪದದಿಂದ ಬಂದ ಮಾಂಡ್ ರಾಗ ಸಹ ‘ಬ್ರಹ್ಮಾಂಡವಲಯೇ’ ಕೃತಿಯಲ್ಲಿ ದೇವಿಯ ಸ್ತುತಿಗೆ ಒದಗಿದೆ. ಆದರೆ ಪಿಯಾನೋವಿನ ಸ್ವರಮೇಳವನ್ನು ಅವರು ಕೃತಿಗಳೊಳಗೆ ತುರುಕಲಿಲ್ಲ.

ಈ ಸಂಯಮವೇ ನನಗೆ ಬಹು ಮುಖ್ಯವಾಗಿ ಕಾಣುತ್ತದೆ. ನಮ್ಮದೊಂದೇ ಸಂಗೀತ ಎನ್ನುವವರೂ, ಎಲ್ಲ ಸಂಗೀತವೂ ಒಂದೇ ಎನ್ನುವವರೂ ಕೇಳುವ ಶ್ರಮವನ್ನು ಸಮನಾಗಿ ತಪ್ಪಿಸಿಕೊಳ್ಳುತ್ತಾರೆ. ಕನ್ನಡ ಬೋಧಿಸುವ ನಾನು ಪಂಪನ ವೃತ್ತವನ್ನೂ ಶರಣರ ವಚನವನ್ನೂ ಒಂದೇ ಅಳತೆಗೋಲಿನಿಂದ ಅಳೆಯಲಾರೆ. ಹಾಗೆಂದು ಒಂದಕ್ಕಾಗಿ ಮತ್ತೊಂದನ್ನು ಬಿಡಲೂ ಆರೆ. ಒಡೆಯರು ಪ್ರತಿಯೊಂದು ಸಂಗೀತವನ್ನೂ ಅದರದೇ ವ್ಯಾಕರಣದಿಂದ ಕಲಿತರು, ಅದರದೇ ಮನೆಯಲ್ಲಿ ಕುಳಿತು ಕೇಳಿದರು.

೧೯೭೪ರ ಸೆಪ್ಟೆಂಬರ್ ೨೩ರಂದು, ಐವತ್ತೈದರ ವಯಸ್ಸಿನಲ್ಲಿ, ಅವರು ದಿವಂಗತರಾದರು. ಸಿಂಹಾಸನ ಅವರ ಕಾಲದಲ್ಲಿಯೇ ಇತಿಹಾಸಕ್ಕೆ ಸೇರಿತು. ಅವರ ಕೃತಿಗಳನ್ನು ನಮ್ಮ ಗಾಯಕರು ಹಾಡುತ್ತಿದ್ದಾರೆ. ಮೆಟ್ನರ್ ತಾನೇ ನುಡಿಸಿದ ಪಿಯಾನೋ ಬೇಕೆಂದವರಿಗೆ ಇಂದಿಗೂ ಕೇಳಸಿಗುತ್ತದೆ.