ಕಿಟ್ಟೆಲ್ ಅಯ್ಯನವರ ಬಿಡುವಿನ ಕಾಲ

ಪೂರ್ವಕಾಲದಲ್ಲಿ ನಮ್ಮ ಪುತ್ತೂರು, ಸುಳ್ಯ, ಕಡಬ ಸೀಮೆಯ ಗುಡ್ಡಗಳಲ್ಲಿ ಕುಮೇರಿ ಬೇಸಾಯ ಮಾಡುತ್ತಿದ್ದವರು ಒಂದೆರಡು ಬೆಳೆಗಳನ್ನು ತೆಗೆದ ಮೇಲೆ, ನೆಲವು ತಿರಿಗಿ ಸಾರವನ್ನು ಹೊಂದುವಂತೆ ಅದನ್ನು ಹಲವು ವರುಷ ಹಾಗೆಯೇ ಬಿಡುತ್ತಿದ್ದರು. ಮೋಶೆಯ ಧರ್ಮಶಾಸ್ತ್ರದಲ್ಲಿಯೂ ಏಳನೆಯ ವರುಷದಲ್ಲಿ ಭೂಮಿಗೆ ವಿಶ್ರಾಂತಿಯು ನೇಮಿಸಲ್ಪಟ್ಟಿದೆ. ಭೂಮಿಗೆ ಬೇಕಾದದ್ದು ಅದನ್ನು ಉಳುವವನಿಗೂ ಬೇಕಲ್ಲವೇ? ಆದರೂ ಸಭೆಯ ಬೋಧಕರು ಕೆಲವು ಕಾಲ ಬಿಡುವು ಪಡೆದು ಹೋದರೆ, ಕುರುಬನು ಮಂದೆಯನ್ನು ತೊರೆದನೆಂದು ಗುಣುಗುಟ್ಟುವವರುಂಟು. ಅಂಥವರು ಫೆರ್ಡಿನಂಡ್ ಕಿಟ್ಟೆಲ್ ಅಯ್ಯನವರ ಚರಿತ್ರೆಯನ್ನು ಕೇಳಲಿ.

ಇವರು 1832ನೆಯ ಏಪ್ರಿಲ್ 7ರಂದು ಜರ್ಮನಿ ದೇಶದ ಬಡಗಣ ಕಡಲ ಸೀಮೆಯ ರೆಸ್ಟರ್‌ಹಾಫೆ ಎಂಬ ಊರಿನಲ್ಲಿ ಒಬ್ಬ ಬೋಧಕರ ಮಗನಾಗಿ ಹುಟ್ಟಿದರು. ಬಾಸೆಲ್ ಮಿಶನಿನವರು 1853ರಲ್ಲಿ ಇವರನ್ನು ಕನ್ನಡ ದೇಶಕ್ಕೆ ಕಳುಹಿಸಿದರು. ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ಸೇವೆಮಾಡುತ್ತಾ ಇವರು ಜನರ ಮಾತನ್ನೂ ಹಳಗನ್ನಡ ಕಾವ್ಯಗಳನ್ನೂ ಶ್ರದ್ಧೆಯಿಂದ ಕಲಿತರು. 1862ರಲ್ಲಿ ಕ್ರಿಸ್ತನ ಚರಿತ್ರೆಯನ್ನು ಕನ್ನಡ ಪದ್ಯಗಳಲ್ಲಿ ಬರೆದು ಕಥಾಮಾಲೆ ಎಂದು ಹೆಸರಿಟ್ಟರು. 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಂಬುಧಿಯನ್ನೂ ಅಚ್ಚುಹಾಕಿಸಿದರು.

ಆದರೆ ಇವರ ಕೈಗೆ ಬಂದ ದೊಡ್ಡ ಕೆಲಸವು ಕನ್ನಡ ನಿಘಂಟು. ರೀವ್ ಎಂಬವರು 1832ರಲ್ಲಿ ಒಂದು ನಿಘಂಟನ್ನು ಪ್ರಕಟಿಸಿದ್ದರೂ, ಹಳೆಯ ಕಾವ್ಯಗಳ ಪದಗಳನ್ನೂ ಹಳ್ಳಿಯವರ ಗಾದೆಗಳನ್ನೂ ಆಧಾರಸಹಿತವಾಗಿ ತೋರಿಸುವ ಗ್ರಂಥವು ಬೇಕಾಗಿತ್ತು. ಒಂದು ಪದದ ಮೂಲವನ್ನು ಹುಡುಕುತ್ತಾ ಕುಳಿತವನನ್ನು ರೋಗಿಯ ಹಾಸಿಗೆಗೂ ಶಾಲೆಗೂ ವ್ಯಾಜ್ಯದ ಮನೆಗೂ ಕರೆಯುತ್ತಿದ್ದರೆ, ಇಂಥಾ ಕೆಲಸವು ಮುಗಿಯುವದು ಹೇಗೆ? ಸುವಾರ್ತೆ ಸಾರಲು ಬಂದವರಿಗೆ ಪದಗಳ ಸಂಗ್ರಹವು ಯಾತಕ್ಕೆಂಬ ಅಸಮಾಧಾನವೂ ಮಿಶನಿನೊಳಗೆ ಇತ್ತು.

24 ವರುಷಗಳ ಸೇವೆಯ ತರುವಾಯ, 1877ರಲ್ಲಿ, ಅಯ್ಯನವರು ಸ್ವದೇಶಕ್ಕೆ ಹೊರಟರು. ನೋಡುವವರಿಗೆ ಅದು ಕೆಲಸವನ್ನು ಬಿಟ್ಟುಹೋದಂತೆಯೇ ಕಂಡಿರಬಹುದು. ಆದರೆ ಅವರು ಬಿಟ್ಟದ್ದು ದಿನದಿನದ ಓಡಾಟವನ್ನು ಮಾತ್ರ, ಕನ್ನಡವನ್ನು ಬಿಡಲಿಲ್ಲ. 1883ರಲ್ಲಿ, ತಮ್ಮ 51ನೆಯ ವಯಸ್ಸಿನಲ್ಲಿ, ನಿಘಂಟಿನ ಕೆಲಸಕ್ಕಾಗಿಯೇ ತಿರಿಗಿ ಕಡಲು ದಾಟಿ ಮಂಗಳೂರಿಗೆ ಬಂದರು. ಈ ದೇಶದ ವಿದ್ವಾಂಸರ ಸಹಾಯದಿಂದ ದುಡಿದು, 1892ರಲ್ಲಿ ಜರ್ಮನಿಗೆ ಹಿಂದಿರುಗಿದರು. 1894ರಲ್ಲಿ ಆ ನಿಘಂಟು ಮಂಗಳೂರಿನ ಮಿಶನ್ ಮುದ್ರಣಾಲಯದಿಂದ ಹೊರಬಂದಿತು. ಅದರಲ್ಲಿ ಸುಮಾರು 70,000 ಪದಗಳಿದ್ದವು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಇವರಿಗೆ ಡಾಕ್ಟರ್ ಪದವಿಯನ್ನಿತ್ತಿತು. ಇವರ ಕನ್ನಡ ವ್ಯಾಕರಣವು ಪ್ರಕಟವಾದ 1903ನೆಯ ವರುಷದಲ್ಲಿಯೇ, ಡಿಸೆಂಬರ್ 18ರಂದು, ಟ್ಯೂಬಿಂಗೆನಿನಲ್ಲಿ ನಿದ್ರೆಹೋದರು. ಮುಂದೆ 1968ರಿಂದ 1971ರ ವರೆಗೆ ಮದ್ರಾಸು ವಿಶ್ವವಿದ್ಯಾಲಯದವರು, ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಆ ನಿಘಂಟನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದರು. ಯಾವ ಮತದವರೇ ಆಗಲಿ, ಕನ್ನಡವನ್ನು ಶೋಧಿಸುವವರು ಇಂದಿಗೂ ಅದನ್ನು ತೆರೆಯುತ್ತಾರೆ.

ಪ್ರಿಯರೇ, ಬಿಡುವು ಪಡೆದ ಪ್ರತಿಯೊಬ್ಬ ಬೋಧಕನೂ ನಿಘಂಟನ್ನು ಹೊತ್ತು ಬರಬೇಕೆಂದು ಕೇಳಬಾರದು. ದಣಿದ ಅಪೊಸ್ತಲರನ್ನು ಕರ್ತನು ಜನರಿಲ್ಲದ ಸ್ಥಳಕ್ಕೆ ಕರೆದನೆಂದು ಮಾರ್ಕನ ಸುವಾರ್ತೆಯಲ್ಲಿ ಓದುತ್ತೇವೆ. ಅಲ್ಲಿ ಅವರಿಂದ ಯಾವ ಲೆಕ್ಕವನ್ನೂ ಆತನು ಕೇಳಲಿಲ್ಲ. ಹೊಸ ಬಲದಿಂದ ಹಿಂದಿರುಗಿದರೆ ಸಾಕು. ಬಿಡುವು ಪಡೆದವರಾದರೋ, ತಮಗೆ ಒಪ್ಪಿಸಲ್ಪಟ್ಟದ್ದನ್ನು ಮನಸ್ಸಿನಿಂದ ಕೆಳಗಿಳಿಸದಿರಲಿ. ಆ ದಿನಗಳಲ್ಲಿ ಸಭಾಹಿರಿಯರು ಆದಿತ್ಯವಾರದ ಆರಾಧನೆಯನ್ನು ನಡಿಸಲಿ. ನೆರೆಯವರು ರೋಗಿಗಳ ಮನೆಗೆ ಹೋಗಲಿ. ಮಂದೆಯ ಹೊರೆಯನ್ನು ಒಬ್ಬನೇ ಹೊರಬೇಕೆಂಬ ಆಜ್ಞೆಯು ಎಲ್ಲಿಯೂ ಇಲ್ಲ.