ಗಾಜಿನ ಗೋಳದೊಳಗಿನ ಇಬ್ಬನಿ

ಜಲಜನಕವನ್ನು ಕಂಡುಹಿಡಿದವರು ಯಾರು ಎಂದು ಕೇಳಿದರೆ ನಮ್ಮ ಎಂಟನೇ ತರಗತಿಯ ಮಕ್ಕಳು ಒಂದೇ ಉಸಿರಿಗೆ ಹೆನ್ರಿ ಕ್ಯಾವೆಂಡಿಶ್ ಎನ್ನುತ್ತಿದ್ದರು. ಒಂದು ಅಂಕದ ಪ್ರಶ್ನೆ, ಅಲ್ಲಿಗೆ ಮುಗಿಯಿತು. ಆ ಮನುಷ್ಯನ ಬಗ್ಗೆ ಹೇಳಲು ಪೀರಿಯಡ್ಡಿನಲ್ಲಿ ಸಮಯ ಸಿಗುತ್ತಿರಲಿಲ್ಲ. ಬಾಕಿ ಉಳಿದ ಆ ಪಾಠವನ್ನು ಈ ಸಂಚಿಕೆಯಲ್ಲಿ ಬರೆಯುತ್ತಿದ್ದೇನೆ.

ಕ್ಯಾವೆಂಡಿಶ್ ಹುಟ್ಟಿದ್ದು 1731ರ ಅಕ್ಟೋಬರ್ 10ರಂದು, ಇಂದು ಫ್ರಾನ್ಸಿಗೆ ಸೇರಿರುವ ನೀಸ್ ಪಟ್ಟಣದಲ್ಲಿ. ಇಂಗ್ಲೆಂಡಿನ ಬಹು ದೊಡ್ಡ ಮನೆತನ. ಎರಡು ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡಳು. ಕೇಂಬ್ರಿಜ್‌ನಲ್ಲಿ ಓದಿದರೂ ಪದವಿ ಪಡೆಯಲಿಲ್ಲ. ಮಹಾ ಸಂಕೋಚದ ಸ್ವಭಾವ. ಊಟಕ್ಕೆ ಏನು ಬೇಕೆಂಬುದನ್ನೂ ಮನೆಗೆಲಸದವರಿಗೆ ಚೀಟಿ ಬರೆದು ತಿಳಿಸುತ್ತಿದ್ದನಂತೆ. ಮುಂದೆ ಅಪಾರ ಆಸ್ತಿ ಬಂದಾಗಲೂ ಬದುಕು ಪ್ರಯೋಗಶಾಲೆಯಲ್ಲೇ ಕಳೆಯಿತು.

ಸತುವಿನ ಚೂರುಗಳ ಮೇಲೆ ಆಮ್ಲ ಸುರಿದು ಪ್ರನಾಳದ ಬಾಯಿಗೆ ಉರಿಯುವ ಕಡ್ಡಿ ಹಿಡಿದಾಗ 'ಟಪ್' ಎಂದ ಸದ್ದು ನಮ್ಮ ಶಾಲೆಯಲ್ಲಿ ಕಲಿತವರೆಲ್ಲರಿಗೂ ನೆನಪಿರಬೇಕು. ಲೋಹ ಮತ್ತು ಆಮ್ಲದಿಂದ ಬರುವ ಆ ಉರಿಯುವ ಗಾಳಿಯೇ ಬೇರೊಂದು ವಸ್ತು ಎಂದು ಆತ 1766ರಲ್ಲಿ ಅಳೆದು ತೂಗಿ ತೋರಿಸಿದ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡದು 1781ರಲ್ಲಿ ಆರಂಭವಾದ ಕೆಲಸ.

ಮುಚ್ಚಿದ ಪಾತ್ರೆಯಲ್ಲಿ ಈ ಗಾಳಿಯನ್ನು ವಿದ್ಯುತ್ ಕಿಡಿಯಿಂದ ಉರಿಸಿದರೆ ಗಾಜಿನ ಒಳಮೈ ಒದ್ದೆಯಾಗುವುದನ್ನು ಪ್ರೀಸ್ಟ್ಲಿ ಮತ್ತು ವಾಲ್ಟೈರ್ ಆಗಲೇ ಕಂಡಿದ್ದರು. ಉರಿದ ಮೇಲೆ ತೂಕ ತುಸು ಕಡಿಮೆಯಾಗುತ್ತದೆ ಎಂದು ವಾಲ್ಟೈರ್ ಹೇಳಿದ್ದ. ಕ್ಯಾವೆಂಡಿಶ್ ಗಾಜಿನ ಗೋಳದೊಳಗಿನ ಗಾಳಿಯನ್ನು ಪಂಪಿನಿಂದ ತೆಗೆದು, ಮಿಶ್ರಣ ತುಂಬಿ, ನಲ್ಲಿ ತಿರುಗಿಸಿ ಮುಚ್ಚಿ, ಕಿಡಿ ಹಾರಿಸಿದ. ಮಿಂಚು, ಬಳಿಕ ಇಬ್ಬನಿ. ತೂಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆಮ್ಲಜನಕದೊಡನೆ ಉರಿಸಿದಾಗ ಅನಿಲಗಳು ನೀರಾಗಿ ಕುಗ್ಗಿ ಗೋಳ ಬಹುತೇಕ ಬರಿದಾಗುತ್ತಿತ್ತು. ನಲ್ಲಿ ತೆರೆದರೆ ಹೊಸ ಮಿಶ್ರಣ ತಾನೇ ಒಳಗೆ ನುಗ್ಗುತ್ತಿತ್ತು. ಹೀಗೆ ಮತ್ತೆ ಮತ್ತೆ ಉರಿಸಿ, ಸುಮಾರು ಎರಡು ಪಾಲು ಜಲಜನಕಕ್ಕೆ ಒಂದು ಪಾಲು ಆಮ್ಲಜನಕ ಎಂಬ ಲೆಕ್ಕ ಹಿಡಿದ. (ಮಕ್ಕಳೇ, ಇದನ್ನು ನೀವು ಮಾಡಬೇಡಿ. ಕಿಡಿ ತಾಗಿದ ಕ್ಷಣ ಒಳಗಿನ ಒತ್ತಡ ಒಮ್ಮೆಗೇ ಏರುತ್ತದೆ, ಗಾಜು ಸಿಡಿಯಬಹುದು.)

ಇಷ್ಟಕ್ಕೇ ಪ್ರಕಟಿಸಬಹುದಿತ್ತು. ಆದರೆ ಆಮ್ಲಜನಕದೊಡನೆ ಉರಿಸಿದಾಗ ಬಂದ ನೀರು ಕೊಂಚ ಹುಳಿಯಾಗಿತ್ತು. ಅದೇಕೆಂದು ತಿಳಿಯದೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ಬೆರೆತಿದ್ದ ಅಲ್ಪ ಸಾರಜನಕವೇ ನೈಟ್ರಿಕ್ ಆಮ್ಲವಾಗಿತ್ತು ಎಂದು ಪತ್ತೆ ಹಚ್ಚಿ ಪ್ರಬಂಧ ಮಂಡಿಸುವ ಹೊತ್ತಿಗೆ 1784ರ ಜನವರಿ ಬಂದಿತ್ತು. ಅಷ್ಟರಲ್ಲಿ ಸುದ್ದಿ ತಿಳಿದ ಲವಾಸಿಯೇ ಪ್ಯಾರಿಸ್ಸಿನಲ್ಲಿ ಪ್ರಯೋಗ ಮಾಡಿ, ನೀರು ಮೂಲವಸ್ತುವಲ್ಲ, ಎರಡು ಅನಿಲಗಳ ಸಂಯುಕ್ತ ಎಂದು ಸಾರಿಬಿಟ್ಟಿದ್ದ. ಜೇಮ್ಸ್ ವಾಟ್ ಕೂಡ ತನ್ನ ಹಕ್ಕು ಹೇಳಿದ. ಯಾರು ಮೊದಲು ಎಂಬ ಜಗಳ ಮೂವರೂ ಸತ್ತ ಮೇಲೂ ನಡೆಯಿತು. ಸರಿಯಾದ ಅರ್ಥ ಹೇಳಿದವನು ಲವಾಸಿಯೇ ಎಂಬುದನ್ನು ಒಪ್ಪಲೇಬೇಕು; ಕ್ಯಾವೆಂಡಿಶ್ ಆ ಪ್ರಬಂಧದಲ್ಲಿ ಹಳೆಯ ಫ್ಲೋಜಿಸ್ಟನ್ ವಾದವನ್ನು ಬಿಡಲಿಲ್ಲ. ಆದರೆ ಅಳತೆ ಕ್ಯಾವೆಂಡಿಶನದು.

1785ರಲ್ಲಿ ಆತ ಗಾಳಿಯ ಸಾರಜನಕವನ್ನೆಲ್ಲ ಕಿಡಿಯಿಂದ ಆಮ್ಲವಾಗಿಸಲು ಹೊರಟ. ಎಷ್ಟು ಕಿಡಿ ಹಾರಿಸಿದರೂ ಒಂದು ಸಣ್ಣ ಗುಳ್ಳೆ ಉಳಿಯಿತು, ಹೆಚ್ಚೆಂದರೆ 120ರಲ್ಲಿ ಒಂದು ಪಾಲು. ಅದನ್ನೂ ಬರೆದಿಟ್ಟ. 1810ರ ಫೆಬ್ರವರಿ 24ರಂದು ತೀರಿಕೊಂಡ. ಆ ಗುಳ್ಳೆಗೆ 1894ರಲ್ಲಿ ರ್‍ಯಾಲೆ ಮತ್ತು ರಾಮ್ಸೆ ಆರ್ಗಾನ್ ಎಂದು ಹೆಸರಿಟ್ಟರು.